ತುಳಸಿ ಸುತ್ತುವ ರೈಲಿಗೆ ವೈರಿಂಗ್

ನಾಗು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಶಿರಾಲಿ ಕಡೆಯ ಹಳೆಯ ಹೆಂಗಸರು ನಂಬುತ್ತಾರೆ. ನಾಗುವಿಗೆ ಅಂಥ ನಂಬಿಕೆಯೇನೂ ಇಲ್ಲ, ಹಾಗಂತ ಪರೀಕ್ಷೆ ಮಾಡಿ ನೋಡುವ ಉಮೇದೂ ಇಲ್ಲ. ತೊಂದರೆ ಏನೆಂದರೆ, ಗಂಡನ ಫೋನು ಈಗ ಅವಳ ಕೈಯಲ್ಲಿದೆ. “ಗಣಪಿಯಾ?” ಎಂದು ಗಿರಾಕಿಗಳು ಕೇಳುತ್ತಾರೆ. ಅಲ್ಲ ಎಂದರೆ, ಹಾಗಾದರೆ ಅವನೆಲ್ಲಿ, ಯಾವಾಗ ಬರುತ್ತಾನೆ, ನೀನ್ಯಾರು ಎಂದು ವಿಚಾರಣೆ ಶುರುವಾಗುತ್ತದೆ. ಉತ್ತರ ಮುಗಿಯುವುದರೊಳಗೆ ಕೆಲಸ ಇನ್ನೊಬ್ಬರ ಪಾಲಾಗಿರುತ್ತದೆ. ಆದ್ದರಿಂದ ನಾಗು “ಹೌದು, ಎಂತ ಆಗ್ಬೇಕಿತ್ತು?” ಎನ್ನುತ್ತಾಳೆ. ಗಣಪಿಯ ದನಿ ಇಷ್ಟು ಸಣ್ಣಗಾದದ್ದು ಯಾವಾಗ ಎಂದು ಈವರೆಗೆ ಯಾರೂ ಕೇಳಿಲ್ಲ.

ಗಣಪಿ ಇಪ್ಪತ್ತಾರು ವರ್ಷ ವೈರ್‌ಮನ್ ಆಗಿದ್ದವನು. ಭಟ್ಕಳದ ಮೂರು ಮಾಳಿಗೆಯ ಮನೆಗಳಿಂದ ಹಿಡಿದು ಶಿರಾಲಿಯ ಹಿಟ್ಟಿನ ಗಿರಣಿಯವರೆಗೆ ಅವನು ತಂತಿ ಎಳೆಯದ ಗೋಡೆ ಕಡಿಮೆ. ಮದುವೆಯಾದ ಆರನೇ ತಿಂಗಳಿಗೆ ಅವನ ಸಹಾಯಕ್ಕಿದ್ದ ಆಳು ಕೆಲಸ ಬಿಟ್ಟ. ಒಂದು ವಾರದ ಮಟ್ಟಿಗೆಂದು ನಾಗು ಏಣಿ ಹಿಡಿಯಲು ಹೋದಳು. ಆ ಒಂದು ವಾರ ಇಪ್ಪತ್ತೆರಡು ವರ್ಷ ನಡೆಯಿತು. ಗಣಪಿ ಏಣಿಯ ಮೇಲೆ ನಿಂತು, ಕೆಳಗೆ ನೋಡದೆ, ಕೈಯನ್ನು ಹಿಂದಕ್ಕೆ ಚಾಚುತ್ತಿದ್ದ. ಸ್ಕ್ರೂಡ್ರೈವರೋ, ಟೇಪೋ, ತಂತಿಯೋ, ಆ ಹೊತ್ತಿಗೆ ಬೇಕಾದದ್ದನ್ನು ನಾಗು ಅದರಲ್ಲಿ ಇಡಬೇಕು. ಅವಳು ಒಮ್ಮೆಯೂ ತಪ್ಪು ಇಟ್ಟವಳಲ್ಲ. ಆದರೂ ಅವನು ಬೈಯುತ್ತಿದ್ದ: ತಡವಾಯಿತು ಎಂದು, ಬೇಗ ಆಯಿತು ಎಂದು, ಏಣಿ ಅಲುಗಾಡಿತು ಎಂದು, ಅಲುಗಾಡಬಾರದೆಂದು ಅವಳು ತೀರ ಗಟ್ಟಿ ಹಿಡಿದಳು ಎಂದು. ಬಾಯಿ ನಿಲ್ಲಿಸಿದರೆ ಕೈ ನಿಲ್ಲುವ ಜಾತಿಯ ಕೆಲಸಗಾರ.

ಹಾಗೆ ಇಪ್ಪತ್ತಾರು ವರ್ಷ ಏಣಿಯ ಮೇಲೆ ನಿಂತವನು ಬಿದ್ದದ್ದು ಸ್ವಂತ ಮನೆಯ ಬಚ್ಚಲಿನ ಬಾಗಿಲಲ್ಲಿ. ಹೋದ ವರ್ಷ ಚೌತಿ ಕಳೆದ ಮರುವಾರ ಲಕ್ವ ಹೊಡೆಯಿತು. ಬಲಗೈ ಸೋತಿತು. ಬಲಗಾಲು ಎಳೆಯುತ್ತದೆ, ಆದರೆ ನಡೆಯುತ್ತದೆ. ಕೇಳಿದ್ದೆಲ್ಲ ಅರ್ಥವಾಗುತ್ತದೆ. ಮಾತು ಮಾತ್ರ ಪೂರ್ತಿ ಹೋಯಿತು, ಒಂದೇ ಒಂದು ಶಬ್ದ ಬಿಟ್ಟು. ಆ ಶಬ್ದ “ಆತು.”

ಇದಕ್ಕಿಂತ ಕೆಟ್ಟ ಶಬ್ದ ಉಳಿಯಲು ಸಾಧ್ಯವಿರಲಿಲ್ಲ. ಈ ಕರಾವಳಿಯಲ್ಲಿ ಆತು ಎಂದರೆ ಆಯಿತು, ಮುಗಿಯಿತು, ಒಪ್ಪಿಗೆ, ಸಾಕು, ಸರಿ, ಇನ್ನು ಹೊರಡು, ಎಲ್ಲವೂ ಹೌದು. ಮೊದಲ ತಿಂಗಳು ಸಂಬಂಧಿಕರು ನೋಡಲು ಬಂದರು. “ಗಣಪಣ್ಣ, ನಿನ್ನ ಏಣಿ ಹ್ಯಾಂಗೂ ಸುಮ್ನೆ ಬಿದ್ಕಂಡದೆ, ನಾ ತಕಂಡೋಗ್ಲಾ?” ಎಂದು ಒಬ್ಬ ಕೇಳಿದ. “ಆತು” ಎಂದ ಗಣಪಿ. ಏಣಿ ಹೋಯಿತು. ಅದೇ ರೀತಿ ಡ್ರಿಲ್ಲಿಂಗ್ ಮಶಿನು ಹೋಯಿತು, ಸೈಕಲ್ಲು ಹೋಯಿತು. ಪಕ್ಕದ ಮನೆಯವನು ಬೇಲಿ ಮುರಿದು ಗೋಡೆ ಕಟ್ಟುವಾಗ ಅರ್ಧ ಅಡಿ ಈಚೆ ಬರಬಹುದೇ ಎಂದು ಕೇಳಿ ಅದಕ್ಕೂ ಆತು ಪಡೆದ. ಸಾಯಂಕಾಲ ಮನೆಗೆ ಬಂದ ನಾಗು ಅಡಿಪಾಯದ ಹಗ್ಗ ನೋಡಿದಳು, ಹಗ್ಗ ಕಿತ್ತಳು, ಆಮೇಲೆ ತಾನಿಲ್ಲದಾಗ ಯಾರೂ ತನ್ನ ಗಂಡನನ್ನು ಏನೂ ಕೇಳಬಾರದು ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದಳು.

ಡಾಕ್ಟರೂ ಕೇಳಿದರು. “ಗಣಪಿ, ದಿನಾ ಮಾತಾಡಲು ಪ್ರಯತ್ನ ಮಾಡಬೇಕು, ಗೊತ್ತಾಯಿತಾ?” ಅವನು ಆತು ಎಂದ. ಡಾಕ್ಟರಿಗೆ ಸಂತೋಷವಾಯಿತು. ನಾಗುವನ್ನು ಹೊರಗೆ ಕರೆದು ಅವರು ಹೇಳಿದ್ದು ಬೇರೆ. ಮಾತು ಒಳಗಿದೆ, ಬರುವ ದಾರಿ ಕಟ್ಟಿದೆ. ದಾರಿ ಬಿಡುವುದಾದರೆ ಹೆಚ್ಚಾಗಿ ಮೊದಲ ಒಂದು ಒಂದೂವರೆ ವರ್ಷದಲ್ಲಿ, ಆಮೇಲೆ ಕಷ್ಟ. ಅವನಾಗಿ ದೂಡಬೇಕು, ನಾವು ಎಳೆದರೆ ಬರುವುದಿಲ್ಲ ಎಂದರು.

ಗಣಪಿ ದೂಡಲಿಲ್ಲ. ನಾಗು ಚಮಚ ತೋರಿಸಿ ಇದೇನು ಎಂದರೆ ಅವನು ಚಮಚ ನೋಡಿ, ಆತು ಎಂದು, ಮುಖ ಗೋಡೆಗೆ ತಿರುಗಿಸುತ್ತಿದ್ದ. ಅವನಿಗೆ ನಾಚಿಕೆ. ಆತು ಎಂದು ಉತ್ತರ ಕೊಡಲಾಗದ ಪ್ರಶ್ನೆಗಳನ್ನು ನಾಗು ಹುಡುಕಿದಳು. “ಬಂಗ್ಡೆ ತರ್ಲಾ, ತಾರ್ಲೆ ತರ್ಲಾ?” “ಆತು.” ಎರಡೂ ಮೀನು ತಂದು ಎರಡೂ ಸಾರು ಮಾಡಿದಳು. ಹೀಗೆ ಹದಿನಾಲ್ಕು ತಿಂಗಳು ಕಳೆಯಿತು. ಕೆಲಸಕ್ಕೆ ಅವಳಿಗೆ ತೊಂದರೆ ಇರಲಿಲ್ಲ, ಇಪ್ಪತ್ತೆರಡು ವರ್ಷ ಕೆಳಗಿನಿಂದ ನೋಡಿದ್ದನ್ನು ಈಗ ಮೇಲಿನಿಂದ ಮಾಡುತ್ತಿದ್ದಳು, ಅಷ್ಟೆ. ಅವಳಿಗೆ ಬೇಕಾಗಿದ್ದದ್ದು ಅವನ ಬಾಯಿಂದ ಇನ್ನೊಂದು ಶಬ್ದ. ಯಾವುದಾದರೂ ನಡೆಯುತ್ತಿತ್ತು. ಡಾಕ್ಟರು ಹೇಳಿದ ಅವಧಿಗೆ ಇನ್ನು ನಾಲ್ಕು ತಿಂಗಳಿತ್ತು. ಮನೆಯಲ್ಲಿ ಅವಳು ಒಬ್ಬಳೇ ಮಾತಾಡಿ ಮಾತಾಡಿ ಸೋತುಹೋಗಿದ್ದಳು.

ಅಂಥ ಹೊತ್ತಿನಲ್ಲಿ ಹೊನ್ನಾವರದಿಂದ ಶ್ರೀಕೃಷ್ಣ ಭಟ್ಟರ ಫೋನು ಬಂತು.

“ಗಣಪಿಯಾ?”

“ಹೌದು, ಎಂತ ಆಗ್ಬೇಕಿತ್ತು?”

“ನಮ್ಮ ರೈಲು ತಿರುಗಿ ಬರುವಲ್ಲಿ ಶಾರ್ಟ್ ಆಗ್ತದೆ ಮಾರಾಯ.”

“ಅದು ರೈಲ್ವೆಯವ್ರಿಗೆ ಹೇಳ್ಬೇಕು ಭಟ್ರೆ, ನಾವು ಮನೆ ವೈರಿಂಗ್ ಮಾತ್ರ ಮಾಡುದು.”

“ಮನೆಯದೇ ರೈಲು” ಎಂದರು ಭಟ್ಟರು.

ಮನೆಯದೇ ಆಗಿತ್ತು. ಶ್ರೀಕೃಷ್ಣ ಭಟ್ಟರು ಕುಮಟಾದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಂಸ್ಕೃತ ವ್ಯಾಕರಣ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಹೆಚ್ಚಿನವರು ತೀರ್ಥಯಾತ್ರೆ ಮಾಡುತ್ತಾರೆ, ಇವರು ರೈಲು ತರಿಸಿದರು. ಎಲ್ಲಿಂದ ತರಿಸಿದರೆಂದು ಹೆಂಡತಿ ವನಮಾಲಾ ಅವರಿಗೂ ಗೊತ್ತಿಲ್ಲ. ಮಲಗಿದ ಬೆಕ್ಕಿನಷ್ಟು ದೊಡ್ಡ ಎಂಜಿನು, ನಾಲ್ಕು ಡಬ್ಬಿ, ಹಿತ್ತಾಳೆಯ ಹಳಿ. ಅಂಗಳದ ಒಂದು ತುದಿಯಲ್ಲಿ ಬಾವಿ, ಇನ್ನೊಂದು ತುದಿಯಲ್ಲಿ ತುಳಸಿಕಟ್ಟೆ. ನಡುವೆ ನೆಲದ ಮೇಲೆ ನೇರ ಹಳಿ ಹಾಕಿ, ಎರಡೂ ತುದಿಯಲ್ಲಿ ಹಳಿಯನ್ನು ಕವಲು ಒಡೆದು ಸುತ್ತು ಹಾಕಿಸಿದ್ದರು. ರೈಲು ತುಳಸಿಗೆ ಒಂದು ಸುತ್ತು ಬಂದು, ಅದೇ ನೇರ ಹಳಿಯಲ್ಲಿ ಹಿಂದಿರುಗಿ, ಬಾವಿಗೆ ಒಂದು ಸುತ್ತು ಹಾಕಿ, ಮತ್ತೆ ತುಳಸಿಗೆ ಬರಬೇಕು. ಯಾರೂ ಎಂಜಿನನ್ನು ಎತ್ತಿ ತಿರುಗಿಸಬಾರದು. ಹಿತ್ತಾಳೆ ಕಪ್ಪಾದಾಗ ಭಟ್ಟರು ದೇವರ ದೀಪ ತಿಕ್ಕುವ ಹಾಗೆ ಹಳಿಯನ್ನು ಹುಣಸೆಹಣ್ಣಿನಿಂದ ತಿಕ್ಕಿದ್ದರು. ಹಳಿ ಫಳಫಳ ಎಂದಿತ್ತು. ಇರುವೆಗಳು ಎರಡೂ ದಿಕ್ಕಿನಲ್ಲಿ ಓಡಾಡುತ್ತಿದ್ದವು. ಸದ್ಯಕ್ಕೆ ಆ ಹಳಿಯ ಮೇಲೆ ಓಡುತ್ತಿದ್ದದ್ದು ಅವು ಮಾತ್ರ.

ಸ್ಕೂಟರಿನಿಂದ ಇಳಿದ ನಾಗುವನ್ನು ನೋಡಿ ಭಟ್ಟರು “ಗಣಪಿ ಬರಲಿಲ್ಲವಾ?” ಎಂದರು.

“ನಾನೇ ಫೋನಲ್ಲಿ ಮಾತಾಡಿದ್ದು. ಪೆಟ್ಟಿಗೆ ಎಲ್ಲುಂಟು?”

ಭಟ್ಟರು ಕರೆಂಟಿನ ಪೆಟ್ಟಿಗೆ ತೋರಿಸಿದರು. ಒತ್ತಿದ ಕೂಡಲೇ ಕೆಂಪು ದೀಪ ಹೊತ್ತಿ ಪೆಟ್ಟಿಗೆ ಬಂದಾಯಿತು. ನಾಗು ಅಭ್ಯಾಸಬಲದಿಂದ ಹಳಿಗೆ ಟೆಸ್ಟರ್ ಹಚ್ಚಿ ನೋಡಿದಳು, ಬೆಳಗಲಿಲ್ಲ. ಇಲ್ಲಿ ಫೇಸು ನ್ಯೂಟ್ರಲ್ಲು ಇಲ್ಲ, ಬ್ಯಾಟರಿಯ ಹಾಗೆ ಪ್ಲಸ್ಸು ಮೈನಸ್ಸು. ಪೆಟ್ಟಿಗೆಯಿಂದ ಎರಡು ತಂತಿ ಹೊರಟಿದ್ದವು, ಕೆಂಪು ಪ್ಲಸ್ಸು, ಕಪ್ಪು ಮೈನಸ್ಸು. ಬಲಗಡೆಯ ಹಳಿಗೆ ಕೆಂಪು ಬಂದರೆ ಎಂಜಿನು ಮುಂದೆ ಹೋಗುತ್ತದೆ, ಎಡಗಡೆಗೆ ಬಂದರೆ ಹಿಂದೆ. ಇಷ್ಟನ್ನು ಅವಳು ಹತ್ತು ನಿಮಿಷದಲ್ಲಿ ಕಂಡುಕೊಂಡಳು. ಆಮೇಲೆ ತುಳಸಿಕಟ್ಟೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಬಲಗಡೆಯ ಹಳಿಯ ಮೇಲೆ ಬೆರಳಿಟ್ಟು, ಹಾಗೇ ಕಟ್ಟೆಗೆ ಸುತ್ತು ಬಂದಳು. ಹೊರಟಾಗ ಬಲಗಡೆ ಇದ್ದ ಹಳಿ ಸುತ್ತು ಮುಗಿಸಿ ಬರುವಾಗ ಎಡಗಡೆಯ ಹಳಿಗೆ ಸೇರಿಕೊಂಡಿತು.

“ಭಟ್ರೆ, ಇಲ್ಲಿ ಕೆಂಪು ಹೋಗಿ ಕಪ್ಪಿಗೆ ಮುಟ್ತದೆ. ನೀವೇ ಮುಟ್ಸಿಟ್ಟಿದ್ರಿ.”

“ನಾನು ಎರಡು ತಂತಿಯನ್ನೂ ಬೇರೆ ಬೇರೆ ಇಟ್ಟಿದ್ದೇನಲ್ಲ?”

“ತಂತಿ ಬೇರೆ ಇಟ್ಟಿದ್ರಿ. ಹಳಿ ಒಟ್ಟು ಮಾಡಿದ್ರಿ.”

ಭಟ್ಟರು ತಾವೂ ಹಳಿಯ ಮೇಲೆ ಬೆರಳಿಟ್ಟು ಕಟ್ಟೆಗೆ ಸುತ್ತು ಬಂದರು. ಅವರ ಮುಖದಲ್ಲಿ ಮೂವತ್ತು ವರ್ಷ ಕಲಿಸಿದ ಸೂತ್ರಕ್ಕೆ ತಪ್ಪು ಅರ್ಥ ಹೇಳುತ್ತಿದ್ದೆ ಎಂದು ತಿಳಿದವನ ಕಳೆ ಇತ್ತು.

ನಾಗು ಎರಡೂ ಸುತ್ತುಗಳನ್ನು ನೇರ ಹಳಿಯಿಂದ ಬೇರೆ ಮಾಡಿದಳು. ಕವಲಿನ ಆಚೆಗೆ, ಸುತ್ತು ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ, ಹಳಿಗಳನ್ನು ಗರಗಸದ ಬ್ಲೇಡಿನಿಂದ ಕೊಯ್ದು ನಡುವೆ ಪ್ಲಾಸ್ಟಿಕ್ಕಿನ ಚೂರು ಸಿಕ್ಕಿಸಿದಳು. ಆಯಿತು, ಶಾರ್ಟು ಹೋಯಿತು. ಈಗ ಸುತ್ತಿಗೆ ಕರೆಂಟು ಬೇರೆ ಕೊಡಬೇಕು, ಅದೂ ರೈಲು ಒಳಗೆ ಬರುವಾಗ ನೇರ ಹಳಿಗೆ ಹೊಂದುವ ಹಾಗೆ, ಹೊರಗೆ ಹೋಗುವಾಗ ಅದರ ಉಲ್ಟಾ ಹೊಂದುವ ಹಾಗೆ. ಅವಳಿಗೆ ಭಟ್ಕಳದ ಮಾಳಿಗೆ ಮನೆಗಳ ಮೆಟ್ಟಿಲು ನೆನಪಾಯಿತು. ಕೆಳಗೆ, ನಡುವೆ, ಮೇಲೆ, ಎಲ್ಲಿಂದ ಬೇಕಾದರೂ ಒಂದೇ ಬಲ್ಬು ಹೊತ್ತಿಸಲು ನಡುವಿನ ಮಾಳಿಗೆಯಲ್ಲಿ ಒಂದು ವಿಶೇಷ ಸ್ವಿಚ್ಚು ಹಾಕುತ್ತಾರೆ. ಅದನ್ನು ಒತ್ತಿದರೆ ಎರಡು ತಂತಿ ಒಳಗೊಳಗೇ ಅದಲುಬದಲಾಗುತ್ತವೆ. ಅಂಥವು ಅವಳ ಚೀಲದಲ್ಲಿ ಮೂರಿದ್ದವು. ತುಳಸಿ ಸುತ್ತಿಗೆ ಒಂದು, ಬಾವಿ ಸುತ್ತಿಗೆ ಒಂದು, ನೇರ ಹಳಿಗೆ ಒಂದು. ಮೂರನ್ನೂ ಒಂದು ಹಲಗೆಗೆ ಕೂರಿಸಿ ಭಟ್ಟರ ಮುಂದಿಟ್ಟಳು.

ರೈಲು ಹೊರಟಿತು. ತುಳಸಿಕಟ್ಟೆಗೆ ಬಂತು, ಬಲಕ್ಕೆ ಕವಲು ಹಿಡಿಯಿತು, ಪೂರ್ತಿ ಸುತ್ತಿತು. ಭಟ್ಟರು ಮಗುವಿನ ಹಾಗೆ ಕೈ ತಟ್ಟಿದರು. ಆಗ ಜಗಲಿಯಿಂದ ವನಮಾಲಾ ಅವರು ಕೆಳಗಿಳಿದು ಬಂದರು.

“ಇದು ಅಪ್ರದಕ್ಷಿಣೆ.”

“ಎಂತದೇ?”

“ತುಳಸಿ ಎಡಕ್ಕೆ ಬಂತು. ಹೀಂಗೆ ತಿರುಗದು ಹೆಣಕ್ಕೆ. ಆ ರೈಲಲ್ಲಿ ಯಾರ ಹೆಣ ಇದ್ದು?”

ಭಟ್ಟರು ಹೆಂಡತಿಯನ್ನೂ ರೈಲನ್ನೂ ನೋಡಿದರು. ಹೆಣ ಯಾರದೂ ಇರಲಿಲ್ಲ. ಪರದೇಶದ ಯಾವುದೋ ವಿಡಿಯೋ ನೋಡಿ ಹಳಿ ಜೋಡಿಸಿದ್ದು, ಅದರಲ್ಲಿ ಕವಲು ಬಲಕ್ಕಿತ್ತು, ತುಳಸಿ ಇರಲಿಲ್ಲ. ವನಮಾಲಾ ಅವರು ಮಾತು ಬೆಳೆಸಲಿಲ್ಲ. ತುಳಸಿ ಪೂಜೆಗೆ ಇನ್ನು ಒಂಬತ್ತು ದಿನ, ಅಷ್ಟರೊಳಗೆ ರೈಲು ಪ್ರದಕ್ಷಿಣೆ ಬರಬೇಕು, ಒಮ್ಮೆಯೂ ತಪ್ಪಬಾರದು. ಇಲ್ಲವಾದರೆ ಹಳಿ ಏಳಬೇಕು ಎಂದು ಹೇಳಿ ಒಳಗೆ ಹೋದರು.

ಕವಲನ್ನು ಎಡಕ್ಕೆ ತಿರುಗಿಸುವುದು ಸುಲಭ. ನಾಗು ಎರಡೂ ತುದಿಯಲ್ಲಿ ಕೂಡಲೇ ತಿರುಗಿಸಿದಳು. ತೊಂದರೆ ಇದ್ದದ್ದು ಭಟ್ಟರಲ್ಲಿ. ರೈಲು ಸುತ್ತಿನೊಳಗಿದ್ದಾಗ ನೇರ ಹಳಿಯ ಸ್ವಿಚ್ಚು ಒತ್ತಬೇಕು. ಅವರು ಗಡಿಬಿಡಿಯಲ್ಲಿ ಸುತ್ತಿನ ಸ್ವಿಚ್ಚು ಒತ್ತಿದರು. ರೈಲು ತುಳಸಿಯ ಹಿಂದೆ ನಿಂತು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಹಿಂದೆ ಹಿಂದೆ ಬರತೊಡಗಿತು. ಈಗ ಅಪ್ರದಕ್ಷಿಣೆಯ ಜೊತೆಗೆ ಬೆನ್ನು ಬೇರೆ. ವ್ಯಾಕರಣದ ಮನುಷ್ಯ, ಭಟ್ಟರು ಪುಸ್ತಕ ತಂದು ನಿಯಮ ಬರೆದರು. ಮೊದಲು ಮೂರು ನಿಯಮಗಳಾದವು, ಅವಕ್ಕೆ ಅಪವಾದಗಳು ಸೇರಿ ಹನ್ನೊಂದಾದವು. ಹನ್ನೊಂದನ್ನೂ ಓದಿ ಮುಗಿಸುವುದರೊಳಗೆ ರೈಲು ಕವಲಿಗೆ ಬಂದು ಪೆಟ್ಟಿಗೆಯ ಕೆಂಪು ದೀಪ ಹೊತ್ತುತ್ತಿತ್ತು. ನಾಗು ಮತ್ತೆ ಬರುತ್ತೇನೆಂದು ಹೇಳಿ ಸ್ಕೂಟರ್ ಹತ್ತಿದಳು. ದಾರಿಯ ಮಂಕಿ ಊರು ದಾಟುವವರೆಗೂ ಮೂರು ಸ್ವಿಚ್ಚುಗಳನ್ನು ಹೇಗೆ ಸರಳ ಮಾಡುವುದೆಂದು ಯೋಚಿಸಿದಳು, ಹೊಳೆಯಲಿಲ್ಲ.

ಮನೆಯಲ್ಲಿ ಗಣಪಿ ಜಗಲಿಯ ಮೇಲೆ ಕೂತಿದ್ದ. ದಿನದ ಕೆಲಸವನ್ನು ಅವನಿಗೆ ಹೇಳುವುದು ನಾಗುವಿನ ರೂಢಿ, ಗೋಡೆಗೆ ಹೇಳುವುದಕ್ಕಿಂತ ಅದು ವಾಸಿ. ಸೀಮೆಸುಣ್ಣದಿಂದ ಸಿಮೆಂಟು ನೆಲದ ಮೇಲೆ ಹಳಿ ಬರೆದಳು, ಎರಡು ಸುತ್ತು ಬರೆದಳು, ಮೂರು ಸ್ವಿಚ್ಚು ಬರೆದಳು. ಹೆಣದ ಮಾತನ್ನೂ ಹೇಳಿದಳು.

“ಆತು” ಎಂದ ಗಣಪಿ.

ಆದರೆ ಗೋಡೆಯ ಕಡೆ ತಿರುಗಲಿಲ್ಲ. ಅವಳು ಗಂಜಿ ಬೇಯಲಿಟ್ಟು ಬಂದಾಗಲೂ ನೆಲವನ್ನೇ ನೋಡುತ್ತಿದ್ದ. ನಾಗುವಿಗೆ ಒಳಗೊಳಗೇ ಆಸೆ ಎದ್ದಿತು. ಎದ್ದ ಆಸೆಯನ್ನು ಅವಳೇ ಬೈದು ಕೂರಿಸಿದಳು, ಏಕೆಂದರೆ ಈ ಹದಿನಾಲ್ಕು ತಿಂಗಳಲ್ಲಿ ಅಂಥ ಆಸೆ ಇಪ್ಪತ್ತು ಸಲ ಎದ್ದು ಬಿದ್ದಿತ್ತು.

ಮೂರನೇ ದಿನ ಮತ್ತೆ ಹೊನ್ನಾವರಕ್ಕೆ ಹೋಗಬೇಕಿತ್ತು. ನಾಗು ಇಲ್ಲದಾಗ ಗಣಪಿಯ ಹತ್ತಿರ ಕೂರುತ್ತಿದ್ದದ್ದು ಅವನ ಅಕ್ಕ ಹೊನ್ನಿ. ಅವತ್ತು ಹೊನ್ನಿ ಮಿರ್ಜಾನದ ಮಗಳ ಮನೆಗೆ ಹೊರಟು ನಿಂತಿದ್ದಳು. ಬೇರೆ ಯಾರನ್ನಾದರೂ ಕೂರಿಸಿದರೆ ಮನೆಯ ಬಾಗಿಲನ್ನೇ ಆತು ಎನ್ನಿಸಿಕೊಂಡು ಹೋದಾರು ಎಂದು ನಾಗುವಿಗೆ ಹೆದರಿಕೆ. ಬೀದಿಯ ಕೊನೆಯ ಮನೆಯ ಶಿವನ ಆಟೋ ಕರೆದಳು.

“ಹ್ವಾಯ್, ನನ್ ಸಂಗ್ತಿಗೆ ಹೊನ್ನಾವರಕ್ಕೆ ಬತ್ರಿಯಾ?”

“ಆತು.”

ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಶಬ್ದ ಅವಳ ಉಪಯೋಗಕ್ಕೆ ಬಂತು. ಅವನಿಗೆ ಮನಸ್ಸಿತ್ತೋ ಇಲ್ಲವೋ, ಸಮ್ಮತಿ ಸಮ್ಮತಿಯೇ ಎಂದು ಅವಳು ಅವನಿಗೆ ಶರ್ಟು ತೊಡಿಸಿ ಆಟೋದಲ್ಲಿ ಕೂರಿಸಿದಳು.

ಭಟ್ಟರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಗಣಪಿ ಕೂತ. ವನಮಾಲಾ ಅವರು ಬೆಲ್ಲದ ಪಾನಕ ತಂದು “ಸ್ವಲ್ಪ ಸಿಹಿ ಜಾಸ್ತಿ ಆಯ್ತಾ?” ಎಂದು ಕೇಳಿದರು. ಆತು ಎಂದ. ಅವರು ಒಳಗೆ ಹೋಗಿ ನೀರು ಬೆರೆಸಿ ತಂದರು.

ನಾಗು ಯೋಚಿಸಿ ತಂದ ಉಪಾಯ ಬಣ್ಣದ್ದು. ಮೂರು ಸ್ವಿಚ್ಚಿಗೆ ಮೂರು ಬಣ್ಣದ ಟೇಪು ಸುತ್ತಿ, ಹಳಿಯ ಪಕ್ಕದಲ್ಲಿ ಅದೇ ಬಣ್ಣದ ಕಡ್ಡಿ ನೆಟ್ಟಳು. ರೈಲು ಯಾವ ಬಣ್ಣದ ಕಡ್ಡಿ ದಾಟುತ್ತದೋ ಆ ಬಣ್ಣದ ಸ್ವಿಚ್ಚು ಒತ್ತಿದರಾಯಿತು. ಭಟ್ಟರು ತಮ್ಮ ಹನ್ನೊಂದು ನಿಯಮಗಳನ್ನು ಬಣ್ಣಕ್ಕೆ ಹೊಂದಿಸಿ ತಿದ್ದಿಕೊಂಡರು. ರೈಲು ಬಿಟ್ಟರು. ಎರಡು ಸಲ ಸರಿ ಬಂತು. ಮೂರನೇ ಸಲ ಹಸಿರು ಒತ್ತಬೇಕಾದಲ್ಲಿ ಹಳದಿ ಒತ್ತಿ ತುಳಸಿಯ ಹಿಂದೆ ನಿಲ್ಲಿಸಿದರು. ಅದು ಬೆನ್ನು ಮುಂದಾಗಿ ಹೊರಟಿತು.

“ಮತ್ತೆ ಹೆಣ” ಎಂದರು ಜಗಲಿಯಿಂದ ವನಮಾಲಾ.

“ಈ ಸಲ ನನ್ನ ತಪ್ಪು. ಹಳದಿಗೂ ಹಸಿರಿಗೂ ಸವರ್ಣದೋಷ ಆಯಿತು” ಎಂದರು ಭಟ್ಟರು.

ನಾಗು ಹಲಗೆಯ ಮುಂದೆ ಕೂತು, ಹಳದಿ ಟೇಪು ಬಿಚ್ಚಿ ಬಿಳಿ ಸುತ್ತತೊಡಗಿದಳು. ಬಿಳಿ ಸುತ್ತಿ ಮುಗಿಸಿ, ಇಪ್ಪತ್ತೆರಡು ವರ್ಷದ ಅಭ್ಯಾಸ, ತಿರುಗಿ ನೋಡದೆ ಹಿಂದೆ ಕುರ್ಚಿಯಲ್ಲಿದ್ದ ಗಂಡನನ್ನು ಕೇಳಿದಳು.

“ಆತಾ?”

“ಆತಿಲ್ಲ.”

ಭಟ್ಟರು ಪುಸ್ತಕದಲ್ಲಿ ಬರೆಯುತ್ತಿದ್ದರು. ವನಮಾಲಾ ಅವರು ಪಾನಕದ ಲೋಟ ಎತ್ತಿಕೊಳ್ಳುತ್ತಿದ್ದರು. ಅವರಿಬ್ಬರಿಗೂ ಅದು, ಹೀಗೆ ಮಾಡಿದರೆ ಆಗುವುದಿಲ್ಲ ಎಂದು ಒಬ್ಬ ವೈರ್‌ಮನ್ ಇನ್ನೊಬ್ಬರ ಕೆಲಸ ನೋಡಿ ಹೇಳುವ ಸಾಮಾನ್ಯ ಮಾತು. ನಾಗುವಿನ ಕೈಯಲ್ಲಿ ಟೇಪು ಹಾಗೇ ನಿಂತಿತು. ತಿರುಗಿ ನೋಡಿದರೆ, ಅತ್ತರೆ, ಅವನ ಮುಖ ಹಿಡಿದು ಇನ್ನೊಮ್ಮೆ ಹೇಳಿ ಎಂದರೆ, ಅವನಿಗೆ ನಾಚಿಕೆಯಾಗಿ ಬಂದ ಮಾತು ಬಂದ ದಾರಿಯಲ್ಲೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ದಿನಾ ಕೇಳುವ ದನಿಯಲ್ಲೇ, ಸ್ವಲ್ಪ ಸಿಟ್ಟು ಸೇರಿಸಿ, ಕೇಳಿದಳು.

“ಎಂತ ಆತಿಲ್ಲ? ಆತದೆ.”

“ಆತಿಲ್ಲ!”

ಕುರ್ಚಿ ಕಿರುಗುಟ್ಟಿತು. ಗಣಪಿ ಎದ್ದು, ಬಲಗಾಲು ಎಳೆಯುತ್ತ ಬಂದು, ಅವಳ ಪಕ್ಕ ದೊಪ್ಪನೆ ಕೂತ. ಎಡಗೈಯಿಂದ ತುಳಸಿ ಸುತ್ತಿನ ಸ್ವಿಚ್ಚಿನ ತಂತಿಗಳನ್ನು ಒಂದೊಂದಾಗಿ ಕಿತ್ತ. ಅವಳು ಅಷ್ಟು ಚಂದ ಸುತ್ತಿದ್ದ ಬಿಳಿ ಟೇಪು ಮಣ್ಣಿನಲ್ಲಿ ಬಿತ್ತು. ಆಮೇಲೆ ಎಂಜಿನಿನ ಬಲಮಗ್ಗುಲು ಮುಟ್ಟಿ, ಕೆಂಪು ತಂತಿ ಮುಟ್ಟಿ, ಕಟ್ಟೆಯ ಕಡೆ ಬೆರಳು ತೋರಿಸಿ, ಗಾಳಿಯಲ್ಲಿ ಒಂದು ಪ್ರದಕ್ಷಿಣೆ ಹಾಕಿದ.

ನಾಗುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಂಜಿನು ಮುಂದೆ ಹೋಗುವಾಗ ಕೆಂಪು ಯಾವಾಗಲೂ ಅದರ ಬಲಕ್ಕೆ. ಪ್ರದಕ್ಷಿಣೆ ಬರುವಾಗ ತುಳಸಿಯೂ ಯಾವಾಗಲೂ ಬಲಕ್ಕೆ. ಅಂದ ಮೇಲೆ ತುಳಸಿಯ ಕಡೆಯ ಒಳಹಳಿಗೆ ಕೆಂಪನ್ನು ಶಾಶ್ವತವಾಗಿ ಕಟ್ಟಿಬಿಡುವುದು. ಅಲ್ಲಿ ಸ್ವಿಚ್ಚೇ ಬೇಡ. ಎರಡೂ ಕಡೆಯಿಂದ ಸುತ್ತಬಹುದಾದ ರೈಲಿಗೆ ಆ ಸ್ವಿಚ್ಚು ಬೇಕಾಗಿತ್ತು. ಈ ಮನೆಯ ರೈಲು ಸುತ್ತುವುದು ಒಂದೇ ಕಡೆಯಿಂದ. ವನಮಾಲಾ ಅವರು ಮೊದಲ ದಿನವೇ ಇದನ್ನು ಹೇಳಿದ್ದರು, ಯಾರೂ ಅದನ್ನು ವೈರಿಂಗ್ ಎಂದು ತಿಳಿದಿರಲಿಲ್ಲ.

ಗಣಪಿ ಎಡಗೈಯನ್ನು ಹಿಂದಕ್ಕೆ ಚಾಚಿದ. ನೋಡಲಿಲ್ಲ. ನಾಗು ಅದರಲ್ಲಿ ಸ್ಕ್ರೂಡ್ರೈವರ್ ಇಟ್ಟಳು. ಅವನು ತಿರುಗಿಸಿದ, ಅವಳು ತಂತಿ ಹಿಡಿದಳು. ಎಡಗೈಗೆ ಇನ್ನೂ ಅಭ್ಯಾಸವಿರಲಿಲ್ಲ, ಒಂದು ಸ್ಕ್ರೂ ಮೂರು ಸಲ ಜಾರಿತು. ಭಟ್ಟರು ಸಹಾಯಕ್ಕೆ ಬಗ್ಗಿದರು. ನಾಗು ಅವರನ್ನು ನೋಡಿದ ರೀತಿಗೆ ಹಾಗೇ ನೆಟ್ಟಗಾದರು.

ಕೆಲಸ ಮುಗಿದ ಮೇಲೆ ರೈಲು ಬಿಟ್ಟರು. ತುಳಸಿಗೆ ಬಂತು, ಎಡಗವಲು ಹಿಡಿಯಿತು, ತುಳಸಿಯನ್ನು ಬಲಕ್ಕೆ ಇಟ್ಟುಕೊಂಡು ಸುತ್ತತೊಡಗಿತು. ಅದು ಒಳಗಿರುವಾಗ ಭಟ್ಟರು ನೇರ ಹಳಿಯ ಸ್ವಿಚ್ಚು ಒಂದನ್ನೇ ಒತ್ತಿದರು. ಸುತ್ತು ಮುಗಿಸಿ, ಕವಲಿನ ಸ್ಪ್ರಿಂಗನ್ನು ತಾನೇ ದೂಡಿಕೊಂಡು, ನೇರ ಹಳಿಗೆ ಇಳಿದು, ಬಾವಿಯ ಕಡೆ ಮುಖ ಮಾಡಿ ಹೊರಟಿತು. ಭಟ್ಟರು ಅದನ್ನು ಅರ್ಧದಲ್ಲಿ ನಿಲ್ಲಿಸಿ, ಮತ್ತೆ ಮತ್ತೆ ಬಿಟ್ಟು, ಬೇಕೆಂದೇ ತಪ್ಪು ಒತ್ತಿ ನೋಡಿದರು. ತಪ್ಪಿದರೆ ರೈಲು ಸುತ್ತು ಮುಗಿಸಿ ಕವಲಿನ ಬಾಯಲ್ಲಿ ನಿಲ್ಲುತ್ತಿತ್ತು, ಕೆಂಪು ದೀಪ ಹೊತ್ತುತ್ತಿತ್ತು, ಅಷ್ಟೇ. ಹಿಂದೆ ಬರಲು ಆ ಸುತ್ತಿನಲ್ಲಿ ಅದಕ್ಕೆ ಕರೆಂಟೇ ಇರಲಿಲ್ಲ.

“ಈಗ ಸರಿ ಆತು” ಎಂದರು ವನಮಾಲಾ. ಭಟ್ಟರು ಪುಸ್ತಕ ತೆಗೆದು ಹನ್ನೊಂದು ನಿಯಮಗಳಲ್ಲಿ ಹತ್ತನ್ನು ಹೊಡೆದುಹಾಕಿದರು. ಅವರಿಗೆ ಸ್ವಲ್ಪ ಬೇಜಾರೂ ಆದ ಹಾಗಿತ್ತು.

ಉಳಿದದ್ದು ಬಾವಿಯ ಸುತ್ತು. ಅಲ್ಲಿಯೂ ಇದೇ ಕಟ್ಟು: ಒಳಹಳಿಗೆ ಕೆಂಪು, ಹೊರಹಳಿಗೆ ಕಪ್ಪು. ಗಣಪಿ ಯಾರೂ ಕರೆಯದೆ ಎದ್ದು, ಗೋಡೆ ಹಿಡಿದು, ಬಾವಿಕಟ್ಟೆಯ ಹತ್ತಿರ ಹೋಗಿ ಕೂತ. ನಾಗು ತಂತಿಯ ಎರಡು ತುಂಡು ಕತ್ತರಿಸಿ, ತುದಿ ಸುಲಿದು, ಅವನ ಹಿಂದೆ ನಿಂತಳು. ಅವನು ಹಳಿಯ ಮೇಲೆ ಬಗ್ಗಿದ್ದ. ಎಡಗೈ ಹಿಂದಕ್ಕೆ ಬಂತು. ಅವಳು ಯಾವ ತಂತಿ ಎಂದು ಕೇಳುವ ಅಗತ್ಯವೇ ಇರಲಿಲ್ಲ, ಒಳಹಳಿ ಮೊದಲು ಎಂದು ಅವಳಿಗೆ ಗೊತ್ತಿತ್ತು. ಕೆಂಪು ತಂತಿಯನ್ನು ಆ ಕೈಯ ಹತ್ತಿರದವರೆಗೂ ಒಯ್ದಳು. ಅಲ್ಲಿ ಅವಳ ಕೈ ನಿಂತಿತು. ಕೊಟ್ಟುಬಿಟ್ಟರೆ ಅವನು ಕಟ್ಟುತ್ತಾನೆ, ಕೆಲಸ ಮುಗಿಯುತ್ತದೆ, ಶಿವನ ಆಟೋ ಹೊರಗೆ ಕಾಯುತ್ತಿದೆ, ಮನೆಯಲ್ಲಿ ಜಗಲಿ ಇದೆ, ಗೋಡೆ ಇದೆ.

ಕೆಂಪನ್ನು ಹಿಂದೆ ತೆಗೆದುಕೊಂಡು ಕಪ್ಪು ತಂತಿ ಇಟ್ಟಳು.

ಗಣಪಿ ಅದನ್ನು ಮುಂದೆ ತಂದು ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು. ತುಟಿ ಒಂದು ಕಡೆ ಎಳೆದುಕೊಂಡಿತು. ತಂತಿಯನ್ನು ಬಾವಿಯಾಚೆ ಬಿಸಾಡಿದ.

“ಕೆ... ಕೆ...” ಮತ್ತೆ ಉಸಿರೆಳೆದ. “ಕೆಂಪು!”

ಭಟ್ಟರು ಓಡಿಬಂದು ಮೆಲ್ಲಗೆ ಹೇಳಿದರು: “ಅವ ಕೆಂಪು ಕೇಳಿದ್ದು, ನಾಗು.”

“ಗೊತ್ತುಂಟು ಭಟ್ರೆ, ನೀವು ಸುಮ್ನಿರಿ” ಎಂದಳು ನಾಗು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಎರಡೂ ಕೈಯಲ್ಲಿ ಸಾಮಾನಿದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ. ಮದುವೆಯಾದಾಗಿನಿಂದ ಅವಳಿಗೆ ಇಷ್ಟು ಸಂತೋಷ ಆದದ್ದಿಲ್ಲ.

ಎಡಗೈ ಮತ್ತೆ ಹಿಂದಕ್ಕೆ ಬಂತು. ನಾಗು ಕೆಂಪು ತಂತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲದಿಂದ ಕಪ್ಪು ತಂತಿ ತೆಗೆದು ಇನ್ನೊಂದು ತುಂಡು ಕತ್ತರಿಸಿ, ಅವನ ಕೈಯಲ್ಲಿಟ್ಟಳು.